ಪಾಲಕರ ಉದ್ಯೋಗ

ಫಾರ್ಮಿನ ಏಳನೇ ಸಾಲಿನಾಗ ಕೇಳಿದ್ದರು,
ಪಾಲಕರ ಉದ್ಯೋಗ.
ತಾಹಿರಾ ಬರದಳು: ಪೈಲಟ್.

ಸುಳ್ಳಲ್ಲ.
ವಾಸ್ಕೋ ಸ್ಟೇಷನ್ ಮುಂದ ಹಳದಿ ಮಡ್‌ಗಾರ್ಡಿನ ಗಾಡಿ ನಿಲ್ಲಿಸಿ
ಹಿಂದ ಒಬ್ಬರನ್ನ ಕೂಡ್ರಿಸಿಕೊಂಡು ಬಿಟ್ಟು ಬರಾವರಿಗೆ
ಈ ಸೀಮಿ ಇಟ್ಟ ಹೆಸರೇ ಅದು.
ವಿಮಾನ ನಿಲ್ದಾಣದ ಗೇಟಿನ ತನಕ ದಿನಾ ಹೋಗತೀನಿ.
ಒಳಗ ಹೋಗಿಲ್ಲ.

ಬೇರೆ ದೇಶದ ವಸತಿ ಸಾಲಿ, ಎರಡು ವರ್ಷ, ಎಲ್ಲಾ ಪುಕ್ಕಟೆ,
ಗೆದ್ದರ.
ಅವರು ಕೊಟ್ಟ ಪುಸ್ತಕದಾಗ ಹುಡುಗರು
ಹುಲ್ಲಿನ ಮ್ಯಾಲ ಬರಿಗಾಲಲ್ಲೆ ಕೂತು ನಗತಿದ್ದರು.
ಅವ್ವ ಭಾಳ ಹೊತ್ತು ನೋಡಿ ಕೇಳಿದಳು,
ಇಷ್ಟು ರೊಕ್ಕದ ಸಾಲಿಯೊಳಗ
ಚಪ್ಪಲಿ ಕೊಡಾಂಗಿಲ್ಲೇನು?

ಎರಡನೇ ಸುತ್ತಿಗೆ ಪ್ರಬಂಧ: ನೀನು ದಾಟಿದ ಒಂದು ಕಷ್ಟ.
ಅಪ್ಪ ಸತ್ತದ್ದು ಬರಿ ಅಂದ್ರು ಟೀಚರು,
ಬುಲ್ಡೋಜರ್ ಬಂದದ್ದು ಬರಿ.
ಆಕಿ ಬರದದ್ದು ನಳದ ಪಾಳಿ:
ಜಗಳಾ ಸುರು ಆಗೂದು ಕನ್ನಡದಾಗ,
ಬೈಗುಳ ಕೊಂಕಣಿಯೊಳಗ,
ಪೊಲೀಸರ ಹೆಸರು ಹಿಂದಿಯೊಳಗ,
ರಾಜಿ ಮಾತ್ರ ಯಾವ ಭಾಷಾದಾಗೂ ಅಲ್ಲ, ಸುಮ್ಮನ ಕೊಡಾ ಸರಿಸೂದು.
ಇದರಾಗ ಕಷ್ಟ ಎಲ್ಲೈತಿ ಅಂದ್ರು ಟೀಚರು.
ನೀರು ತರಾಕ ಒಂದಿನ ಬರ್ರಿ, ಅಂದಳಂತ.

ಕೊನೀ ಸುತ್ತು ಪಣಜಿಯೊಳಗ, ದೊಡ್ಡ ಹೋಟೆಲಿನಾಗ.
ನನ್ನ ಬೆನ್ನಿಗೂ ಆಕಿಗೂ ನಡುವ ಸರ್ಟಿಫಿಕೇಟಿನ ಫೈಲು,
ಬ್ರೇಕ್ ಹಾಕಿದಾಗೊಮ್ಮೆ ಚುಚ್ಚತಿತ್ತು.
ಜುವಾರಿ ಸೇತುವಿ ಮ್ಯಾಲ ಇಂಗ್ಲಿಷಿನ ಉತ್ತರ ಬಾಯಿಪಾಠ ಮಾಡತಿದ್ದಳು,
ಅರ್ಧ ನನ್ನ ಕಿವಿಗೆ, ಅರ್ಧ ಗಾಳಿಗೆ.

ಗೇಟಿನಾಗ ಕಾವಲಿನವ ಗಾಡಿ ನೋಡಿದ,
ಹಿಂದ ತರಕಾರಿ ಟೆಂಪೋದ ಹತ್ರ ನಿಲ್ಲು ಅಂದ.
ಪುಣೆ ನಂಬರಿನ ಕಾರಿನ ಸಾಹೇಬರೊಬ್ಬರು
ಸಿಗರೇಟಿಗೆ ಅಂತ ಅಲ್ಲಿಗೇ ಬಂದರು.
ಅವರ ಮಗನಿಗೆ ವರ್ಷದಿಂದ ತರಬೇತಿಯಂತ,
ತಾಸಿಗೆ ನಾಕು ಸಾವಿರ,
‘ನನಗ ಗೊತ್ತಿಲ್ಲ’ ಅನ್ನೂದನ್ನ ಚಂದಾಗಿ ಹೆಂಗ ಅನ್ನಬೇಕು
ಅಂತ ಕಲಸಾಕ.
ನಾ ಏನೂ ಅನ್ನಲಿಲ್ಲ.
ನಮ್ಮನಿಯೊಳಗ ಅದನ್ನ ಹುಟ್ಟಿದಾಗಿಂದ ಅಂದಕೋತ ಬಂದೀವಿ.

ಒಳಗಿಂದು ಆಕಿ ಆಮ್ಯಾಲ ಹೇಳಿದ್ದು.
ಮೇಜಿನ ಆಚೆ ನಾಕು ಮಂದಿ, ಟಿವಿಯೊಳಗ ದೂರದವ ಒಬ್ಬ.
ಟಿವಿಯವ ಕೇಳಿದ:
ಅಣ್ಣ ಪೈಲಟ್ ಅಂತ ಬರದೀಯಲ್ಲ,
ನಿನಗ್ಯಾಕ ಈ ಸಹಾಯ?
ಪಣಜಿಯ ಬಾಯಿ ಒಬ್ಬಾಕಿ ಸೆರಗು ಬಾಯಿಗಿಟ್ಟು ನಕ್ಕಳು.
ತಾಹಿರಾ ನಗಲಿಲ್ಲ. ಎದ್ದು ಹೋಗಿ
ಕಿಡಕಿ ಪರದೆ ಸರಿಸಿ ಬೊಟ್ಟು ಮಾಡಿದಳು,
ಅಕೋ, ಟೊಮ್ಯಾಟೊ ಬುಟ್ಟಿ ಪಕ್ಕ, ಅವನs.

ಆ ಹೊತ್ತಿಗೆ ನಾನು ಕನ್ನಡಿಯೊಳಗ ಕ್ರಾಪು ತಿದ್ದಿಕೋತಿದ್ದೆ.
ತಲಿ ಎತ್ತಿದರ ಮೂರನೇ ಅಂತಸ್ತಿನ ಕಿಡಕಿಯೊಳಗ ಮಂದಿ,
ಎಲ್ಲಾರೂ ನನ್ನ ಕಡೆನ ನೋಡಾಕತ್ತಾರ.
ಇಲ್ಲೂ ನಿಲ್ಲಬಾರದೇನೋ ಅನಕೊಂಡು
ಗಾಡಿ ನೂಕಿಕೋತ ಗೋಡಿ ಮರಿಗೆ ಹ್ವಾದೆ.

ಎಪ್ರಿಲ್‌ನಾಗ ಪತ್ರ ಬಂತು.
ಒಂಬತ್ತು ಮಂದಿ ಆರಿಸ್ಯಾರ. ತಾಹಿರಾ ನದಾಫ
ಕಾಯುವ ಪಟ್ಟಿಯೊಳಗ, ನಾಕನೇದಾಕಿ.
ಅವ್ವಗ ಅದನ್ನ ನಾನs ತಿಳಿಸಿ ಹೇಳಿದೆ,
ಅದು ನನಗ ಗೊತ್ತಿರೋ ವಿದ್ಯಾ:
ನಮ್ಮ ಸ್ಟ್ಯಾಂಡಿನಾಗ ಮುಂದಿನಾಂವಗ ಗಿರಾಕಿ ಸಿಕ್ಕರ
ಹಿಂದಿನಾವರೆಲ್ಲ ಎಂಜಿನ್ ಬಂದ್ ಇಟ್ಟು
ಕಾಲಿಲೆ ತಳ್ಳಿಕೋತ ಒಂದೊಂದು ಗಾಡಿಯಷ್ಟು ಸರಕೊಳ್ಳೂದು.
ಪೆಟ್ರೋಲ್ ಸುಡಬಾರದು. ಬಿಟ್ಟೂ ಹೋಗಬಾರದು.

ಪುಣೆಯ ಹುಡುಗ ಗೆದ್ದಾನೋ ಇಲ್ಲೋ, ಗೊತ್ತಿಲ್ಲ.
ಮೇ ಮುಗಿಲಿಕ್ಕೆ ಬಂತು.
ರಾತ್ರಿ ಊಟಕ್ಕ ಕೂತಾಗ ಆಕಿ ಕೇಳತಾಳ,
ಬರೂ ಮುಂದ ಎಷ್ಟನೇ ನಂಬರಿಗಿದ್ದಿ?
ಆರು. ನಿಂದು?
ರೊಟ್ಟಿ ಮುರಕೋತ ಅಂತಾಳ,
ಎರಡು.